ವೈನಿಯ ಕೆನ್ನೆಯ ಕೆಂಪು

ನರ್ಸಿಂಗ್ ಪದವಿ ಮುಗಿಸಿ ನಾನು ಬನಹಟ್ಟಿಗೆ ಬಂದಿಳಿದ ವಾರವದು. ನಮ್ಮ ನೇಕಾರರ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗಳು. ಅದಕ್ಕೆ ಪಟ್ಟ ಪಾಡು ನನಗೇ ಗೊತ್ತು, ಆ ಹೆಮ್ಮೆಯನ್ನು ಎಂದೂ ಮುಚ್ಚಿಟ್ಟವಳಲ್ಲ. ಆದರೆ ಆಗ ಮನೆಯಲ್ಲಿ ನನ್ನ ಡಿಗ್ರಿಯ ಸುದ್ದಿ ಯಾರಿಗೂ ಬೇಕಿರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಒಂದು ತಿಂಗಳಿಂದ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಳು.

ಆಕೆಯ ಎರಡೂ ಕೆನ್ನೆಗಳ ಮೇಲೆ, ಮೂಗನ್ನು ದಾಟಿ, ಕೆಂಪು ಹರಡಿತ್ತು. ಓಣಿಯವರು ಅದನ್ನು ‘ದೊಡ್ಡ ರೋಗ’ ಎಂದಿದ್ದರು, ಅಂದರೆ ಕುಷ್ಠ. ಅವ್ವ ವೈನಿಯ ತವರೂರು ಚಿಮ್ಮಡಕ್ಕೆ ಹೇಳಿ ಕಳಿಸಿದ್ದಳು: ಮಂಗಳವಾರ ವೈನಿಯ ಅಣ್ಣ ಬಂದು ತಂಗಿಯನ್ನು ತವರಿಗೆ ಒಯ್ಯಬೇಕು, ಎರಡು ವರ್ಷದ ಕೂಸು ಇಲ್ಲೇ ಉಳಿಯಬೇಕು. ನಾನು ಬಂದದ್ದು ರವಿವಾರ.

ಹೋಗಿ ವೈನಿಯ ಪಕ್ಕ ಕುಳಿತೆ. ವಾರ್ಡಿನಲ್ಲಿ ಕಲಿಸಿದಂತೆ ಒಂದೊಂದೇ ಕೇಳಿದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲವಂತೆ, ಲಾಳಿಗಿಡುವ ಕಂಡಿಕೆ ಸುತ್ತುವಾಗ ನೂಲು ಕೈ ಜಾರುತ್ತದಂತೆ. ಆಗಾಗ ಸಣ್ಣ ಜ್ವರ. ಬಾಯಲ್ಲಿ ಹುಣ್ಣು. ಕೆಂಪು ಯಾವಾಗ ಹೆಚ್ಚಾಗುತ್ತದೆ ಎಂದೆ.

“ಓಣ್ಯಾಗ ನೂಲಿಗಿ ಗಂಜಿ ಹಚ್ಚಿದ ಮರುದಿನ,” ಎಂದಳು. “ಬಿಸಲಾಗ ನಿಂತ ಬಂದ್ನೆಂದ್ರ ಮಾರಿ ಉರ್ಯಾಕ ಸುರು.”

ಪುಸ್ತಕದ ಒಂದು ಪುಟ ಚಿತ್ರ ಸಮೇತ ಕಣ್ಣೆದುರು ಬಂತು: ಲೂಪಸ್. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ನಮ್ಮ ಮನೆಯಲ್ಲೇ ಕುಳಿತಿದೆ! ಹೊರಗಿನ ರೋಗವನ್ನು ತಡೆಯಬೇಕಾದ ದೇಹದ ಕಾವಲು, ಗುರುತು ತಪ್ಪಿ, ತನ್ನದೇ ಚರ್ಮ, ಕೀಲು, ಮೂತ್ರಪಿಂಡಗಳನ್ನು ಬಡಿಯುವ ಕಾಯಿಲೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಕ್ಕೆ ಹೆಸರಿಡುವುದು ಡಾಕ್ಟರ ಕೆಲಸ, ಅದು ನನಗೆ ಗೊತ್ತಿತ್ತು. ಆದರೆ ಕುಷ್ಠದ ಕಲೆಯ ಮೇಲೆ ಹೆಚ್ಚಾಗಿ ಸ್ಪರ್ಶ ತಿಳಿಯುವುದಿಲ್ಲ. ಅಷ್ಟನ್ನಂತೂ ಈಗಲೇ ನೋಡಬಹುದಿತ್ತು.

ಮಗ್ಗದ ಕೋಣೆಗೆ ಓಡಿ ಒಂದೆಳೆ ನೂಲು ತಂದೆ, ತುದಿ ಹಿಂಜಿದೆ. ಅವ್ವ, ಅಣ್ಣ ಇಬ್ಬರನ್ನೂ ಕರೆದೆ.

“ನಾಕ ವರ್ಷ ಓದಿ ನೂಲ ಹಿಡ್ಯೂದ ಕಲತ ಬಂದಿ ಏನ ಬೇ?” ಎಂದ ಅಣ್ಣ. “ಅದನ್ನ ನಾವ ಇಲ್ಲೇ ಕಲಸ್ತಿದ್ವಿ.”

ವೈನಿ ಕಣ್ಣು ಮುಚ್ಚಿದಳು. ಕೆಂಪಿನ ಮೇಲೆ ನಾನು ನೂಲಿನ ತುದಿ ತಾಕಿಸಿದ ಕಡೆಯಲ್ಲೆಲ್ಲ ಬೆರಳಿಟ್ಟು ತೋರಿಸಿದಳು, ಒಂದೂ ತಪ್ಪಲಿಲ್ಲ. ಅವ್ವನಿಗೆ ನಂಬಿಕೆ ಬರಲಿಲ್ಲ. ನೂಲು ಕಸಿದುಕೊಂಡು ತಾನೇ ಮುಂದೆ ಕುಳಿತಳು. ಎರಡು ಸಲ ತಾಕಿಸಿ, ಮೂರನೆಯ ಸಲ ಬರೀ ಹತ್ತಿರ ಹಿಡಿದು ಎಲ್ಲಿ ಎಂದು ಕೇಳಿದಳು.

“ಈಗ ಮುಟ್ಟಿಲ್ರೀ ಅತ್ತಿ,” ಎಂದಳು ವೈನಿ.

ಸೋಮವಾರ ವೈನಿಯನ್ನು ಜಮಖಂಡಿಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವ್ವನೂ ಬಂದಳು. ಡಾಕ್ಟರು ಇದು ಕುಷ್ಠವಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ರಕ್ತ, ಮೂತ್ರ ಪರೀಕ್ಷೆಗೂ ಸದ್ಯದ ಮಾತ್ರೆಗಳಿಗೂ ಬರೆದುಕೊಟ್ಟು, ನನ್ನ ಕಡೆ ತಿರುಗಿ, ನಿನ್ನ ಅನುಮಾನವೇ ನನ್ನದೂ ಅಂದರು. ಮುಂದೆ ವರದಿಯೂ ಅದನ್ನೇ ಹೇಳಿತು. ಆದರೆ ಆ ದಿನ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ, ಬನಹಟ್ಟಿ ಬರುವವರೆಗೂ ಅವ್ವನ ಕಿವಿಯಲ್ಲಿ ಪಾಠ ಮಾಡಿದೆ. ಬೇರುಸಹಿತ ಹೋಗುವ ರೋಗವಲ್ಲ, ಹಿಡಿತದಲ್ಲಿಡಬೇಕು. ಮಾತ್ರೆ ಊಟವಾದ ಮೇಲೆಯೇ, ಆರಾಮಾಯಿತೆಂದು ತಾವಾಗಿ ಬಿಡುವಂತಿಲ್ಲ. ಬೆಳಿಗ್ಗೆ ಬೆರಳುಗಳಿಗೆ ಬಿಸಿನೀರಿನ ಕಾವು. ಕಾಲು ಬಾತರೆ, ಜ್ವರ ಏರಿದರೆ ಅದೇ ದಿನ ದವಾಖಾನೆ. ಬಿಸಿಲಿನ ಕೆಲಸ ಬಂದ್. ವೈನಿಗಿಂತ ಅವ್ವನಿಗೇ ಹೆಚ್ಚು ಹೇಳಿದ್ದಕ್ಕೆ ಕಾರಣವಿತ್ತು, ಯಾರು ಎಲ್ಲಿ ಏನು ಮಾಡಬೇಕೆಂದು ಮನೆಯಲ್ಲಿ ನಿರ್ಧರಿಸುವವಳು ಅವಳೇ.

ಮಂಗಳವಾರ ಮಟಮಟ ಮಧ್ಯಾಹ್ನ ವೈನಿಯ ಅಣ್ಣ ಬಂದ. ಮುಖ ಸಣ್ಣದು ಮಾಡಿಕೊಂಡು, ತಂಗಿಯನ್ನು ಒಯ್ಯಲು ಬಂದಿದ್ದೇನೆ ಎಂದ. ಕೂಸು ವೈನಿಯ ಕಂಕುಳಲ್ಲಿತ್ತು. ಎಲ್ಲರೂ ಅವ್ವನನ್ನೇ ನೋಡಿದೆವು.

ಅವ್ವ ಆತನಿಗೆ ನೀರು ಕೊಟ್ಟಳು. “ಇಷ್ಟ ಬಿಸಲಾಗ ಆಕಿನ್ನ ಎಲ್ಲಿ ಕರಕೊಂಡ ಹೊಕ್ಕೀರಿ? ಆಕಿಗಿ ಬಿಸಲ ನಡ್ಯೂದಿಲ್ಲ.”

“ಛತ್ರಿ ತಂದೇನ್ರಿ,” ಎಂದ ಪಾಪದ ಮನುಷ್ಯ.

“ಛಲೋ ಆತು, ಅದನ್ನ ಆಕಿಗಿ ಬಿಟ್ಟ ಹೋಗ್ರಿ,” ಎಂದಳು ಅವ್ವ. “ನೀವು ಉಂಡು, ಹೊತ್ತ ಇಳದ ಮ್ಯಾಲ ಹೊಂಡ್ರಿ.”