ಕೊನೆಯಲ್ಲಿ ಮುಖ್ಯಾಂಶಗಳು ಮತ್ತೊಮ್ಮೆ

ಹೆಂಡತಿಯ ಎದೆಯಲ್ಲಿ ಸಿಕ್ಕಿದ ಗಂಟಿನ ರಿಪೋರ್ಟ್ ಬರುವ ದಿನ ತಾಯಿ ಮಗಳು ಸೇರಿ ನನ್ನನ್ನು ಮನೆಯಲ್ಲೇ ಬಿಟ್ಟು ಹೋದರು.

"ನೀವು ಬಂದ್ರೆ ಡಾಕ್ಟರು ನಿಮ್ಮ ಬಿಪಿ ನೋಡ್ಕೊಂಡು ಕೂತ್ಕೋಬೇಕಾಗುತ್ತೆ ರೀ," ಎಂದಳು ಹೆಂಡತಿ.

"ಹೋದ ಸಲ ನರ್ಸನ್ನೇ ಡರಾ ದಿಯಾ ನೀನು. ಯಾದ್ ಹೈ, ಪಪ್ಪಾ?" ಎಂದಳು ಮಗಳು.

ನೆನಪಿತ್ತು. ಹೆದರಿಸಿದ್ದೇನಲ್ಲ, ಸೂಜಿ ಹೊಸದು ತಾನೇ ಎಂದು ಮತ್ತೆ ಮತ್ತೆ ಕೇಳಿದ್ದೆ, ಅಷ್ಟೇ.

ದೆಹಲಿಯ ಜನಕಪುರಿಯಲ್ಲಿ ನಮ್ಮ ಕಿಟಕಿಯಾಚೆ ಚಳಿಗಾಲದ ಹೊಗೆಮಂಜು, ಎದುರಿನ ಪಾರ್ಕೂ ಕಾಣದಷ್ಟು. ಮೂಲೆಯಲ್ಲಿ ಏರ್ ಪ್ಯೂರಿಫೈಯರ್ ಕೆಂಪು ದೀಪ ಹೊತ್ತಿಸಿಕೊಂಡು ನನ್ನಂತೆಯೇ ಏದುಸಿರು ಬಿಡುತ್ತಿತ್ತು. ಕೈಯಲ್ಲಿದ್ದ ಫೋನು ಸುಮ್ಮನಿರುವುದನ್ನು ನೋಡಲಾರದೆ, ಹಳೆಯ ಸಹೋದ್ಯೋಗಿಯೊಬ್ಬರು ಕಳಿಸಿದ್ದ ಧ್ವನಿಮುದ್ರಣವೊಂದನ್ನು ಹಚ್ಚಿದೆ.

ವಯಸ್ಸಿನಲ್ಲಿದ್ದಾಗ ನಾನು ದೆಹಲಿಯಿಂದ ರೇಡಿಯೋದಲ್ಲಿ ಕನ್ನಡ ವಾರ್ತೆ ಓದುತ್ತಿದ್ದೆ. ಕಾಯಂ ಅಲ್ಲ, ಕರೆದಾಗ ಹೋಗುವವನು. ಇಂಗ್ಲಿಷಿನಲ್ಲಿ ಬಂದದ್ದನ್ನು ಗಡಿಬಿಡಿಯಲ್ಲಿ ಕನ್ನಡಕ್ಕಿಳಿಸಿ, ಶಾಯಿ ಆರುವ ಮೊದಲೇ ಸ್ಟುಡಿಯೋಗೆ ಓಡಬೇಕಿತ್ತು.

"ಮೊದಲಿಗೆ ಮುಖ್ಯಾಂಶಗಳು," ಎಂದಿತು ಫೋನು. ಧ್ವನಿ ನನ್ನದೇ. ಆದರೆ ಯಾವುದಕ್ಕೂ ಹೆದರದ ಮನುಷ್ಯನೊಬ್ಬನ ಗಂಭೀರ ಧ್ವನಿ. ನಡುವೆ ಕೆಮ್ಮು ಬಂದೀತೆಂದು ಅವನು ಮೇಜಿನಡಿ ಕಾಲು ನಡುಗಿಸುತ್ತಿದ್ದುದು ಕೇಳುಗರಿಗೆ ಕಾಣುವ ಹಾಗಿರಲಿಲ್ಲ.

ಗಡಿಯಲ್ಲಿ ಉದ್ವಿಗ್ನ ಪರಿಸ್ಥಿತಿ. ಸಂಸತ್ತಿನಲ್ಲಿ ಗದ್ದಲ, ಕಲಾಪ ಮುಂದೂಡಿಕೆ. ಈರುಳ್ಳಿ ಬೆಲೆ ನಿಯಂತ್ರಣಕ್ಕೆ ಕ್ರಮ. ಉತ್ತರ ಭಾರತದಲ್ಲಿ ದಟ್ಟ ಮಂಜು.

ಅಂದು ದೇಶಕ್ಕೆ ದೇಶವೇ ತಲೆ ಮೇಲೆ ಕೈ ಹೊತ್ತು ಕೂತ ಸಂಗತಿಗಳಿರಬೇಕು. ಕೊನೆಗೆ ಏನಾದವೋ, ಒಂದೂ ನೆನಪಿಲ್ಲ. ಈ ಮರೆವಿನಿಂದ ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಆ ಈರುಳ್ಳಿಯ ಗತಿ ಏನಾಯಿತೆಂಬ ಹೊಸ ಚಿಂತೆ ಹತ್ತಿಕೊಂಡಿತು. ವಾರ್ತೆಯ ಕೊನೆಗೆ ಪದ್ಧತಿಯಂತೆ ಮುಖ್ಯಾಂಶಗಳು ಮತ್ತೊಮ್ಮೆ ಬಂದವು. ಅಷ್ಟರಲ್ಲಿ ಜಗತ್ತು ಸುಧಾರಿಸಿರಬಹುದೇನೋ ಎಂಬಂತೆ ಆಗೆಲ್ಲ ನಾನು ಅವನ್ನು ಆಸೆಯಿಂದ ಓದುತ್ತಿದ್ದೆ. ಎಂದೂ ಸುಧಾರಿಸಿರಲಿಲ್ಲ.

ಮುಖ್ಯಾಂಶ ಎಂಬ ಆ ಪದ ನನ್ನ ಜೊತೆ ಮನೆಗೂ ಬಂದಿತ್ತು. ಬಸ್ಸಿನಲ್ಲಿ ಪರ್ಸು ಹೋಯಿತೆನ್ನಲು ನಾನು ಬಸ್ಸು ತಡವಾದದ್ದರಿಂದ ಶುರು ಮಾಡುವವನು. ಹೊಸ ಹೆಂಡತಿ ಸೌಟು ಎತ್ತಿ ಹಿಡಿದು, "ಮೊದಲು ಮುಖ್ಯಾಂಶ! ವಿವರ ಊಟ ಆದ್ಮೇಲೆ," ಎನ್ನುತ್ತಿದ್ದಳು. ಅವಳು ನಡೆದುಕೊಳ್ಳುತ್ತಿದ್ದುದೂ ಹಾಗೆಯೇ. "ಮಗಳು ಬಿದ್ಲು, ಮೂಳೆ ಮುರಿದಿಲ್ಲ, ಐಸ್‌ಕ್ರೀಮ್ ತಿಂತಿದಾಳೆ" ಎಂದು ಒಂದೇ ಉಸಿರಿಗೆ ಮುಗಿಸಿ, ಎಲ್ಲಿ ಹೇಗೆ ಎಂಬುದೆಲ್ಲ ಆಮೇಲೆ. ಈ ಗಂಟಿನ ಸುದ್ದಿಯೂ ಹಾಗೆಯೇ ಬಂದಿತ್ತು: "ಎದೇಲಿ ಒಂದು ಗಂಟು ಸಿಕ್ಕಿದೆ. ನಾಳೆ ತೋರಿಸ್ಕೊಂಡು ಬರ್ತೀನಿ. ಸಾರಿಗೆ ಉಪ್ಪು ಸಾಕಾ?"

ಫೋನು ಬಡಿದುಕೊಂಡಿತು.

"ರೀ, ಏನು ಟ್ರಾಫಿಕ್ಕು ಅಂತೀರಿ! ಫ್ಲೈಓವರ್ ಮೇಲೆ ಲಾರಿ ಕೆಟ್ಟು ನಿಂತಿತ್ತು. ಇಲ್ಲಿ ನೋಡಿದ್ರೆ ಪಾರ್ಕಿಂಗ್ ಭಯ್ಯಾ ಜೊತೆ ನಿಮ್ಮ ಮಗಳ ಜಗಳ..."

ನಾನು ಕುರ್ಚಿ ಹುಡುಕಿ ಕೂತೆ. ಮದುವೆಯಾದಾಗಿನಿಂದ ಅವಳು ವಿವರದಿಂದ ಶುರು ಮಾಡಿದ್ದು ಇದೇ ಮೊದಲು. ಲಿಫ್ಟಿನಲ್ಲಿ ಸಿಕ್ಕ ಮಂಗಳೂರಿನವರು ಬಂದರು, ಅವರ ಸೊಸೆಯ ಊರು ಬಂತು. ಒಂದೊಂದು ವಿವರಕ್ಕೂ ನನ್ನ ತಲೆಯೊಳಗೆ ಆ ಗಂಟು ದೊಡ್ಡದಾಗುತ್ತಿತ್ತು.

"ಮುಖ್ಯಾಂಶ..." ಎಂದೆ. ರೇಡಿಯೋದ ಆ ಧೈರ್ಯಸ್ಥ ಎಲ್ಲಿ ಹೋದನೋ, ಗಂಟಲಿನಿಂದ ಬರೀ ಗಾಳಿ ಹೊರಟಿತು.

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು.

"ಕ್ಯಾನ್ಸರ್ ಅಲ್ವಂತೆ ರೀ. ಅದನ್ನ ಹೇಳೋಣ ಅಂದ್ರೆ ಅಳುವೇ ಬರ್ತಿತ್ತು."

"ಇನ್ನೊಂದ್ಸಲ ಹೇಳು."

"ಕ್ಯಾನ್ಸರ್ ಅಲ್ಲ."

"ಇನ್ನೊಂದ್ಸಲ..."

ಫೋನು ಮಗಳ ಕೈಗೆ ಹೋಯಿತು. "ಪಪ್ಪಾ, ಬಸ್! ಮಮ್ಮಿ ರೋ ರಹೀ ಹೈ, ನೀನೂ ಅಳೋಕೆ ಶುರು ಮಾಡ್ಬೇಡ. ದೋಸೆ ಕಟ್ಟಿಸ್ಕೊಂಡು ಬರ್ತೀವಿ, ಚಲೋ."

"ಗಾಡಿ ನಿಧಾನ," ಎಂದೆ. "ದಟ್ಟ ಮಂಜಿದೆ."

ಅಂದಿನ ವಾರ್ತೆಯ ಆ ಒಂದು ಸುದ್ದಿ ಇನ್ನೂ ಹಳತಾಗಿರಲಿಲ್ಲ.