ಹತ್ತು ದಿನದ ಮಾತ್ರೆ

ಆರೇಳು ವರ್ಷಗಳ ಹಿಂದೆ ನಾನು ಹೆಬ್ಬಾಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿದ್ದೆ. ಕ್ಯಾನ್ಸರ್‌ನಿಂದ ಸ್ತನ ತೆಗೆಸಿಕೊಳ್ಳಬೇಕಾದ ಹೆಂಗಸರಿಗೆ ಆ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟು ಆಕಾರವನ್ನು ಮರಳಿ ಕೊಡುವುದು ನನ್ನ ಮುಖ್ಯ ಕೆಲಸವಾಗಿತ್ತು.

ಮುನಿರತ್ನಮ್ಮ ಬಂದದ್ದು ಅಮೃತಹಳ್ಳಿಯಿಂದ. ಐವತ್ತೆರಡು ವರ್ಷ. ಹೊಲವೆಲ್ಲ ಅಪಾರ್ಟ್‌ಮೆಂಟ್ ಆದಮೇಲೂ ಮನೆಯ ಹಿಂದೆ ಎರಡು ಹಸು ಉಳಿಸಿಕೊಂಡಿದ್ದ ಗಟ್ಟಿ ಹೆಂಗಸು. ಜೊತೆಗೆ ಬಂದಿದ್ದ ಅವರ ಅಕ್ಕ, "ಈ ವಯಸ್ನಾಗೆ ಇವಳಿಗ್ಯಾಕೆ ಇದೆಲ್ಲ ಡಾಕ್ಟ್ರೇ?" ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟದ್ದು ಮುನಿರತ್ನಮ್ಮ.

"ರವಿಕೆ ಆಕ್ಕೊಳ್ಳೋಳು ನಾನು ಕಣಕ್ಕ. ನಂಗೆ ಬೇಕು."

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಗಾಯದೊಳಗೆ ಸೇರುವ ನೀರು ಹೊರಬರಲು ಎರಡು ಡ್ರೈನ್ ಕೊಳವೆ ಇಟ್ಟಿದ್ದೆ. ಸೋಂಕು ಬಾರದಂತೆ ಮುಂಚಿತವಾಗಿ ಕೊಡುವ ಆ್ಯಂಟಿಬಯಾಟಿಕ್ ಅನ್ನು ಚಾಕು ಇಡುವ ಮೊದಲು ಆರಂಭಿಸಿ, ಇಪ್ಪತ್ನಾಲ್ಕು ಗಂಟೆಯೊಳಗೆ ನಿಲ್ಲಿಸಬೇಕೆಂಬುದು ನಮ್ಮ ಆಸ್ಪತ್ರೆಯ ನಿಯಮ. ಹಾಗೆಯೇ ನಿಲ್ಲಿಸಿದೆವು. ಆದರೆ ಮೂರನೆಯ ದಿನ ಡಿಸ್ಚಾರ್ಜ್ ಚೀಟಿ ಬರೆಯುವಾಗ ನನ್ನ ಕೈ ತಡೆಯಿತು. ಹಿಂದಿನ ವರ್ಷ ಇನ್ನೊಬ್ಬಾಕೆಗೆ ಕೀವಾಗಿ ಇಂಪ್ಲಾಂಟ್ ತೆಗೆಯಬೇಕಾಗಿ ಬಂದಿತ್ತು. ಆಕೆಯ ಅಳು ನನ್ನ ಕಿವಿಯಿಂದ ಹೋಗಿರಲಿಲ್ಲ. ಹತ್ತು ದಿನಕ್ಕೆ ಮಾತ್ರೆ ಬರೆದೆ.

ವಾರ್ಡಿನ ಹಿರಿಯ ನರ್ಸ್ ಶಾಂತಾ ಚೀಟಿ ನೋಡಿ, "ಜ್ವರ ಇಲ್ಲ, ಗಾಯ ಒಣಗ್ತಿದೆ. ಯಾಕೆ ಮೇಡಂ?" ಎಂದರು.

"ಇರ್ಲಿ ಬಿಡಿ, ಒಳ್ಳೇದಕ್ಕೇ," ಎಂದೆ.

ಮನೆಗೆ ಹೋದ ಆರನೆಯ ದಿನ ಮುನಿರತ್ನಮ್ಮನವರನ್ನು ಸೊಸೆ ಸೌಮ್ಯಾ ಆಟೋದಲ್ಲಿ ಕರೆತಂದಳು. ಎರಡು ದಿನದಿಂದ ನಿಲ್ಲದ ಭೇದಿ, ನಿಂತರೆ ತಲೆ ಸುತ್ತು, ರಕ್ತದೊತ್ತಡ ಕುಸಿದಿತ್ತು. "ಕೋರ್ಸ್ ಪೂರ್ತಿ ಮುಗಿಸ್ಬೇಕು ಅಂತ ಮಾತ್ರೆ ಮಾತ್ರ ಬಿಡ್ಲಿಲ್ಲ ಮೇಡಂ," ಎಂದಳು ಸೌಮ್ಯಾ.

ಮಲ ಪರೀಕ್ಷೆಯಲ್ಲಿ ಕಾರಣ ಸಿಕ್ಕಿತು. ನನ್ನ ಮಾತ್ರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದಿತ್ತು. ಖಾಲಿಯಾದ ಜಾಗದಲ್ಲಿ ಕೆಟ್ಟದ್ದೊಂದು ಬೆಳೆದುಕೊಂಡಿತ್ತು. ಆ ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ, ಹೊಸ ರೋಗಾಣುವಿಗೆ ಬೇರೆ ಔಷಧ ಕೊಟ್ಟೆವು. ಕಿಮೋಥೆರಪಿ ಮೂರು ವಾರ ಮುಂದೆ ಹೋಯಿತು. ಕ್ಯಾನ್ಸರ್ ರೋಗಿಗೆ ಮೂರು ವಾರ ಸಣ್ಣದಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಅವರ ಮಂಚದ ಪಕ್ಕ ಕುಳಿತು ಹೇಳಿದೆ: "ಆ ಮಾತ್ರೆ ನಿಮಗೆ ಬೇಕಿರ್ಲಿಲ್ಲ ಮುನಿರತ್ನಮ್ಮ. ನನ್ನ ಭಯಕ್ಕೆ ಬರ್ದೆ. ತಪ್ಪು ನನ್ದು." ಹಳೆಯ ರೋಗಿಯ ವಿಷಯವನ್ನೂ ಹೇಳಿದೆ.

ಅವರು ತಮ್ಮ ಎದೆಯ ಕಡೆ ನೋಡಿಕೊಂಡರು. ಆಮೇಲೆ, "ಇಟ್ಟಿರೋದು ಚೆನ್ನಾಗೈತಾ?" ಎಂದರು.

"ಚೆನ್ನಾಗಿದೆ."

ಡ್ರಿಪ್ ಇಲ್ಲದ ಕೈಯಿಂದ ನನ್ನ ಮೊಣಕೈ ಹಿಡಿದರು. "ಇನ್ಮೇಲೆ ಎದರಿಕೆ ಆದ್ರೆ ಬಾಯ್ಬಿಟ್ಟು ಏಳಿ. ಮಾತ್ರೆ ಬರೀಬ್ಯಾಡಿ."

ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ. ಗಾಯ ಕೆಂಪಾದರೆ, ಜ್ವರ ಬಂದರೆ ತಕ್ಷಣ ಬರಬೇಕೆಂದು ಹೇಳಿ ಕಳಿಸುತ್ತೇನೆ. ಡ್ರೈನ್ ತೆಗೆಯುವವರೆಗೆ ಎರಡು ದಿನಕ್ಕೊಮ್ಮೆ ನಾನೇ ಫೋನ್ ಮಾಡಿ ವಿಚಾರಿಸುತ್ತೇನೆ. ಹೆದರಿಕೆ ಹೋಗಿಲ್ಲ. ಅದನ್ನು ರೋಗಿಗೆ ನುಂಗಿಸುವುದನ್ನು ಬಿಟ್ಟಿದ್ದೇನೆ.