ಬಿದ್ದ ಕಾಡಿನಲ್ಲಿ ದಾರಿ ಕುಯ್ಯುವಾಕೆ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಆಕೆ ಆಗಲೇ ಬಿದ್ದ ಮರಕ್ಕೆ ಕಿವಿಯಿಟ್ಟು ಕೂತಿದ್ದಾಳೆ. ಎಂಥ ಮರ ಅಂತೀರಿ, ಅದರ ಬೊಡ್ಡೆಯ ಮೇಲೆ ಲಾರಿಯನ್ನೇ ತಿರುಗಿಸಬಹುದು.

"ಸ್ವಲ್ಪ ಉಸಿರು ಹಿಡ್ಕೊಳ್ಳಿ" ಎನ್ನುತ್ತಾಳೆ, ಈ ಕೆಲಸ ನೋಡಿ ಬರೆಯಲೆಂದು ಪೇಟೆಯಿಂದ ಬಂದ ನನಗೆ. ಹಿಡಿದರೆ ಮಧ್ಯಾಹ್ನದವರೆಗೂ ಹಿಡಿಯಬಲ್ಲ ಗಟ್ಟಿಗ ನಾನು. ಹಿಡಿಯುತ್ತೇನೆ. ಮರದೊಳಗೆ ಎಲ್ಲೋ ಕಿರ್ರೆನ್ನುತ್ತದೆ. "ಇಲ್ಲಿ ಬೇಡ, ಬಿಗಿದ್ಕೊಂಡಿದೆ. ಕುಯ್ದ್ರೆ ಸಿಡಿಯತ್ತೆ. ಒಂದು ಮಾರು ಆಚೆ ಹೋಗೋಣ."

ಊರಿಗೆಲ್ಲ ಈಕೆ ಗರಗಸಕ್ಕ. ಕಾಡಿನ ಕಾಲುದಾರಿಗೆ ಬಿದ್ದ ಮರಗಳನ್ನು ಕುಯ್ದು ಸರಿಸುವುದೇ ಕೆಲಸ. ಗರಗಸ ಇಬ್ಬರದ್ದು; ಎರಡು ತುದಿಗೆ ಎರಡು ಹಿಡಿ. ಒಂದು ಹಿಡಿ ಈಕೆಯದು, ಇನ್ನೊಂದು ಗಂಡನದು. ಬೇಸಿಗೆಯಲ್ಲಿ ಮಾತ್ರ ಆತ ಗುಡ್ಡದ ತುದಿಯ ಅಟ್ಟಣೆಗೆ ಹೋಗಿ ಕಾಳ್ಗಿಚ್ಚಿನ ಕಾವಲು ಕೂರುತ್ತಾನೆ. ಈ ಬೇಸಿಗೆಯೂ ಹೋದ. ಹಿಂದೆಯೇ ಗಾಳಿ ಬಂತು.

ಅದು ಗಾಳಿಯೇ? ಲೋಕದ ಗಾಳಿಯೆಲ್ಲ ಒಂದೇ ಸಂಜೆ ಇಲ್ಲಿ ಸಭೆ ಸೇರಿತ್ತು. ಪೇಟೆಯಲ್ಲಿ ನನ್ನ ಟೋಪಿ ಹಾರಿತು. ಇನ್ನೂ ಇಳಿದಿಲ್ಲ, ಯಾವುದೋ ಸಮುದ್ರ ದಾಟುತ್ತಿರಬೇಕು. ಕಾಡಂತೂ ಬಾಚಣಿಗೆ ಎಳೆದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿತು. ಅದರಡಿ ಗುಡ್ಡದ ದಾರಿಯೂ ಹೂತುಹೋಯಿತು. ಗಂಡನ ವೈರ್‌ಲೆಸ್ ಅಂದೇ ಸತ್ತಿದೆ. ಆದರೂ ದಿನಾ ಬೆಳಿಗ್ಗೆ ಗುಡ್ಡದ ಮೇಲೆ ಅವನ ಒಲೆಯ ಹೊಗೆ ಏಳುತ್ತಿತ್ತು. ನಿನ್ನೆ ಏಳಲಿಲ್ಲ. ಇವತ್ತೂ ಇಲ್ಲ.

"ಕಡ್ಡಿಪೆಟ್ಟಿಗೆ ನೆಂದಿರ್ಬೇಕು" ಎನ್ನುತ್ತಾಳೆ, ಗುಡ್ಡದ ಕಡೆ ನೋಡದೆ. ಇಷ್ಟು ಹೊತ್ತಿಗೆ ಅದನ್ನು ಎಷ್ಟು ಸಲ ಹೇಳಿದ್ದಾಳೋ.

ಗಂಡನ ಹಿಡಿ ಈಗ ಮೈದುನನ ಕೈಯಲ್ಲಿದೆ. ಆತ ದರ್ಜಿ, ಕೋಟಿನ ಕಾಲರಿಗಿಂತ ದಪ್ಪದ್ದನ್ನು ಜನ್ಮದಲ್ಲಿ ಕತ್ತರಿಸಿದವನಲ್ಲ. ಅರಣ್ಯ ಇಲಾಖೆಯವರು ಯಂತ್ರದ ಗರಗಸ ಕೊಡುತ್ತೇವೆಂದರೆ ಈಕೆ ಒಲ್ಲೆ ಎಂದಳಂತೆ. "ಅದ್ರ ಗಲಾಟೇಲಿ ಮರದ ಸದ್ದು ಕೇಳ್ಸಲ್ಲ. ಮೊನ್ನೆ ಒಂದು ಕೊಂಬೆ ಸಿಡೀತು, ಇವ್ನ ಕಿವಿ ಪಕ್ಕದಲ್ಲೇ ಹೋಯ್ತು. ಕಿರ್ ಅಂದಿದ್ದು ಕೇಳಿ ಇವ್ನನ್ನ ಎಳ್ಕೊಂಡೆ."

"ಅಂಗಿ ಹರಿದ್ರು" ಎನ್ನುತ್ತಾನೆ ಮೈದುನ.

"ಹೊಲ್ಕೋ. ದರ್ಜಿ ತಾನೆ."

ಕುಯ್ಯುವುದು ಶುರುವಾಗುತ್ತದೆ. ಈ ಗರಗಸಕ್ಕೆ ಒಂದೇ ಕಟ್ಟಳೆ: ಎಳೆಯಬೇಕು, ತಳ್ಳಬಾರದು. ಎಳೆದು ಕೈ ಸಡಿಲ ಬಿಟ್ಟರೆ ಆಚೆಯವರು ಎಳೆಯುತ್ತಾರೆ. ತಳ್ಳಿದರೆ ಅಲಗು ಬಳುಕಿ ಮರದೊಳಗೆ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೇ ಕಚ್ಚಿಕೊಂಡಿತು.

"ತಳ್ಳಬೇಡ ಕಣೋ. ಇದು ಹೊಲಿಗೆ ಮಿಷನ್ನಲ್ಲ."

ಬಿಡಿಸಿದರು. ಮತ್ತೆ ಕಚ್ಚಿತು. ಆಕೆ ಬೈದಳು. ಮೂರನೆಯ ಸಲ ಮೈದುನ ಹಿಡಿ ಬಿಟ್ಟು ಎದ್ದು ನಿಂತ. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ತಳ್ತಿರೋದು ನೀವು."

ಕಾಡೆಲ್ಲ ಕಿವಿಯಾಯಿತು. ಈಕೆ ತನ್ನ ಅಂಗೈಗಳನ್ನೇ ನೋಡಿಕೊಂಡಳು. ಹುಟ್ಟಿದಂದಿನಿಂದ ಗರಗಸ ಹಿಡಿದಂತಿರುವ ಹೆಣ್ಣು ಕಲಿಯುವವರ ತಪ್ಪು ಮಾಡಿದ್ದಾಳೆ. ದಿಮ್ಮಿಯ ಮೇಲೆ ಕುಸಿದು ಕೂರುತ್ತಾಳೆ.

"ಬೇಗ ಆಗ್ಲಿ ಅಂತ ಕೈ ತಾನಾಗೇ ತಳ್ತು" ಎನ್ನುತ್ತಾಳೆ ಮೆಲ್ಲಗೆ. ಮೈದುನ ನೀರಿನ ಬಾಟಲಿ ಕೊಡುತ್ತಾನೆ. ಯಾರೂ ಗುಡ್ಡದ ಕಡೆ ನೋಡುವುದಿಲ್ಲ.

ನೀರು ಕುಡಿದವಳು ಎದ್ದು ಕೊಡಲಿ ತಿರುಗಿಸಿ ಹಿಡಿಯುತ್ತಾಳೆ. ದೊಡ್ಡ ಮರದ ಆಚೀಚೆ ನಿಂತರೆ ಗಂಡ ಹೆಂಡತಿಗೆ ಪರಸ್ಪರ ಮುಖ ಕಾಣುವುದಿಲ್ಲ. ಅದಕ್ಕೇ ಕೊಡಲಿಯ ಹಿಂಬದಿಯಿಂದ ಎರಡು ಏಟು ಕೊಟ್ಟು 'ಹುಷಾರಾಗಿದ್ದೀರಾ' ಎಂದು ಕೇಳುವುದು ಇವರ ರೂಢಿ. ಇದ್ದರೆ ಎರಡು ಏಟಿನ ಉತ್ತರ. ಇಲ್ಲಿಂದ ಗುಡ್ಡದವರೆಗೆ ಮರಗಳು ಒಂದರ ಮೇಲೊಂದು ಮೈಚಾಚಿವೆ. ಸದ್ದು ಮರದಿಂದ ಮರಕ್ಕೆ ಎಷ್ಟು ದೂರ ಹರಿದೀತು?

ಠಕ್ ಠಕ್. ದಿಮ್ಮಿಗೆ ಕಿವಿಯಿಡುತ್ತಾಳೆ. ಏನೂ ಇಲ್ಲ.

ಠಕ್ ಠಕ್. ಮೈದುನ ಕಣ್ಣು ಮುಚ್ಚಿದ್ದಾನೆ. ನನ್ನ ಎದೆ ಪಕ್ಕದ ಜಿಲ್ಲೆಗೆ ಕೇಳುವಷ್ಟು ಹೊಡೆದುಕೊಳ್ಳುತ್ತಿದೆ. ಏನೂ ಇಲ್ಲ.

ಆಕೆ ಕಿವಿ ತೆಗೆಯುವುದಿಲ್ಲ. ಕೆನ್ನೆಗೆ ತೊಗಟೆಯ ಅಚ್ಚು ಬೀಳುವಷ್ಟು ಒತ್ತಿ ಹಿಡಿಯುತ್ತಾಳೆ. ಆಮೇಲೆ ಬೆರಳೆತ್ತಿ ಮೈದುನನನ್ನು ಕರೆಯುತ್ತಾಳೆ. ಅವನೂ ಕಿವಿಯಿಡುತ್ತಾನೆ. ಅವನ ಬಾಯಿ ತೆರೆದೇ ಉಳಿಯುತ್ತದೆ. ನನಗೂ ಜಾಗ ಕೊಟ್ಟರು: ಮರದ ಹೊಟ್ಟೆಯೊಳಗಿಂದ, ಬಹಳ ಆಚೆಯಿಂದ, ಎರಡು ಏಟು.

"ಇಳಿದು ಬರ್ತಿದ್ದಾರೆ, ಅದಕ್ಕೇ ಹೊಗೆ ಇಲ್ಲ. ಆ ಕಡೆಯಿಂದ ಕಡೀತಿರ್ಬೇಕು" ಎನ್ನುತ್ತಾಳೆ. ಸೆರಗಿನಿಂದ ಮುಖ ಒರೆಸಿಕೊಂಡು ತನ್ನ ಹಿಡಿಯ ಬಳಿ ಮಂಡಿಯೂರುತ್ತಾಳೆ. ಮೈದುನ ಓಡಿಹೋಗಿ ತನ್ನ ಹಿಡಿಗೆ ಕೈ ಹಾಕುತ್ತಾನೆ.

"ನಿಧಾನ. ಇನ್ನು ಅವಸರ ಇಲ್ಲ" ಎನ್ನುತ್ತಾಳೆ ಆಕೆ. "ಕುಯ್ತ ನೀಟಾಗಿರ್ಲಿ. ಬಂದು ನೋಡೋರು ಅವ್ರು. ವಾರೆಯಾಗಿದ್ರೆ ವರ್ಷಪೂರ್ತಿ ಆಡ್ಕೋತಾರೆ."